ಮಾವನ ಗ್ಯಾಸ್ ಫ್ರಿಜ್ಜಿನಲ್ಲಿ ಕಣಜದ ಗೂಡು

ಮಸ್ಕತ್ ಬಿಟ್ಟು ಊರಿಗೆ ಬರುವಾಗ ಮಾವ ಒಂದು ಸಣ್ಣ ಗ್ಯಾಸ್ ಫ್ರಿಜ್ ತಂದಿದ್ದರು. ಆರು ವರ್ಷ ಅದು ಅಟ್ಟದಲ್ಲೇ ಇತ್ತು. ಕೋಡಿಬೆಂಗ್ರೆಯಲ್ಲಿ ಗೆಳೆಯನ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕೋಣ ಅಂತಾದಾಗ ಇಳಿಸಿದೆ. ಅಂಗಳದಲ್ಲಿಟ್ಟು ಬೆಂಕಿ ಹಚ್ಚಿ, ಒಳಗೆ ಎರಡು ಬಾಟಲಿ ನೀರಿಟ್ಟೆ. ಇಡೀ ದಿನ ಕಳೆದರೂ ನೀರು ಹಾಗೇ ಇತ್ತು.

"ಗುಜರಿಗೆ ಹಾಕು ಮಾರಾಯಾ" ಅಂದರು ಅಮ್ಮ.

ಇದರಲ್ಲಿ ಕಂಪ್ರೆಸರ್ ಇಲ್ಲ. ಕೊಳವೆಯೊಳಗೆ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗಿನ ಬೆಂಕಿಗೆ ಅಮೋನಿಯಾ ನೀರಿನಿಂದ ಆವಿಯಾಗಿ ಏಳುತ್ತದೆ, ಹಿಂದಿನ ರೆಕ್ಕೆಗಳಲ್ಲಿ ತಣಿದು ದ್ರವವಾಗುತ್ತದೆ, ಆಮೇಲೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರಿಕೊಂಡು ಹೋಗಿ ಕೊನೆಗೆ ನೀರಿಗೇ ಸೇರುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದದ್ದು ಇದು. ದ್ರವ ಹಿಂದಕ್ಕೆ ಬರುವುದು ಬರೀ ಇಳಿಜಾರಿನಲ್ಲಿ, ಹಾಗಾಗಿ ಫ್ರಿಜ್ ವಾಲಿದರೆ ಕೆಲಸ ನಿಂತಿತು ಅಂತಲೇ ಲೆಕ್ಕ. ನಮ್ಮ ಅಂಗಳವೋ, ಮಳೆನೀರು ಹರಿಯಲಿ ಅಂತ ವಾಲಿಸಿಯೇ ಮಾಡಿದ್ದು!

ಚಾವಡಿಯಲ್ಲಿ ಸಮ ನೆಲ ನೋಡಿಟ್ಟು, ಮೊದಲು ಗ್ಯಾಸ್ ಬಿಟ್ಟು ಕರೆಂಟಿಗೆ ಹಾಕಿದೆ, ಬೆಂಕಿಯ ಬದಲು ಕರೆಂಟಿನ ಬಿಸಿಯಲ್ಲೂ ಇದು ನಡೆಯುತ್ತದೆ. ಬೆಳಿಗ್ಗೆ ನೀರು ತಣ್ಣಗಿತ್ತು. ಅಂದರೆ ಕೊಳವೆಗಳು ಸರಿ ಇವೆ, ತೊಂದರೆ ಬೆಂಕಿಯ ಕಡೆಯದ್ದು. ಅಮೋನಿಯಾ ವಾಸನೆಯೋ, ಹಿಂದೆ ಹಳದಿ ಕಲೆಯೋ ಕಂಡಿದ್ದರೆ ಕೊಳವೆ ಸೋರಿದೆ ಅಂತ ಅರ್ಥ, ಆಗ ಅಮ್ಮ ಹೇಳಿದ್ದೇ ಸರಿಯಾಗುತ್ತಿತ್ತು.

ಮತ್ತೆ ಹೊರಗೆ ತಂದು ಗ್ಯಾಸ್ ಹಚ್ಚಿ ಬಗ್ಗಿ ನೋಡಿದರೆ ಬೆಂಕಿ ಹಳದಿ, ಸೋಮಾರಿ ಬೆಂಕಿ. ನೀಲಿ ಇರಬೇಕಿತ್ತು. ರೆಗ್ಯುಲೇಟರ್ ಮೇಲೆ ಅನುಮಾನ ಬಂತು, ಆದರೆ ಅದರಲ್ಲೂ ಫ್ರಿಜ್ಜಿನ ತಗಡಿನಲ್ಲೂ ಗ್ಯಾಸಿನ ಒತ್ತಡ 30 ಮಿಲಿಬಾರ್ ಅಂತಲೇ ಇತ್ತು. ಸಿಲಿಂಡರ್ ಬಂದ್ ಮಾಡಿ, ತಣಿದ ಮೇಲೆ ಬರ್ನರ್ ಬಿಚ್ಚಿದೆ. ಗಾಳಿ ಎಳೆಯುವ ತೂತಿನ ತುಂಬ ಮಣ್ಣು! ಕಿಟಕಿ ಸಂದಿ, ಸ್ವಿಚ್ ಬೋರ್ಡು ಎಲ್ಲೂ ಬಿಡದ ಕಣಜ ಇಲ್ಲೂ ಗೂಡು ಕಟ್ಟಿತ್ತು. ಕೆರೆದು ತೆಗೆದೆ. ಚಿಮಣಿಯ ಮಸಿಯನ್ನು ಬಾಟಲಿ ತೊಳೆಯುವ ಬ್ರಷ್‌ನಿಂದ ಉಜ್ಜಿದೆ. ಗ್ಯಾಸ್ ಹೊರಬರುವ ಜೆಟ್ಟಿನ ತೂತು ಕೂದಲಿನಷ್ಟು ಸಣ್ಣದು, ಅದಕ್ಕೆ ಪಿನ್ ಚುಚ್ಚಬೇಡಿ, ದೊಡ್ಡದಾದರೆ ಹೊಸ ಜೆಟ್ಟೇ ಬೇಕು. ರಾತ್ರಿ ಸ್ಪಿರಿಟ್‌ನಲ್ಲಿ ನೆನೆಸಿ ಬೆಳಿಗ್ಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದೆ, ಸಾಕಾಯಿತು.

ಈಗ ಬೆಂಕಿ ನೀಲಿ. ಆದರೆ ನಾಬ್ ಬಿಟ್ಟ ಕೂಡಲೇ ಆರುತ್ತದೆ! ಇದು ಥರ್ಮೋಕಪಲ್ ಕೆಲಸ. ಅದರ ತುದಿ ಬಿಸಿಯಾದರೆ ಮಾತ್ರ ಗ್ಯಾಸ್ ವಾಲ್ವ್ ತೆರೆದೇ ಇರುತ್ತದೆ. ಅದರ ಮೇಲೂ ಮಸಿ. ಸಣ್ಣ ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕಿ, ತುದಿ ಬೆಂಕಿಯೊಳಗೇ ಇರುವಂತೆ ಕೂರಿಸಿ, ನಾಬ್ ಅರ್ಧ ನಿಮಿಷ ಒತ್ತಿ ಹಿಡಿದೆ. ನಿಂತಿತು. ಬಿಚ್ಚಿದ ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿದೆ, ಇದನ್ನು ಮಾತ್ರ ಬಿಡಬೇಡಿ.

ಕೋಡಿಬೆಂಗ್ರೆಯಲ್ಲಿ ಹೊಯಿಗೆಯಲ್ಲಿ ಕಾಲು ಹೂತು ಮತ್ತೆ ವಾಲಿತು, ಕೆಳಗೆ ಹಲಗೆ ಕೊಟ್ಟೆವು. ಕಡಲ ಗಾಳಿಗೆ ಎರಡು ಸಲ ಆರಿತು. ಟೆಂಟ್ ಒಳಗೆ ಇಡೋಣ ಅಂದ ಗೆಳೆಯ, ನಾನು ಬಿಡಲಿಲ್ಲ, ಹೊಗೆ ಒಳಗೇ ತುಂಬಿದರೆ ಜೀವಕ್ಕೇ ಅಪಾಯ ಅಲ್ವಾ. ಮರೆಗೆ ಬಾವಿಕಟ್ಟೆಯ ಹಿಂದೆ ಇಟ್ಟೆವು. ಮರುದಿನದ ಸಾರಿಗೆ ಬಂಗುಡೆ ಚೆನ್ನಾಗಿಯೇ ಇತ್ತು.

ಮಾವನಿಗೆ ಫೋಟೋ ಕಳಿಸಿದೆ. "ಐಸ್ ಕಟ್ಟಿತಾ?" ಅಂತ ಕೇಳಿದರು. ಕಟ್ಟಲಿಲ್ಲ ಮಾವ, ಹೊರಗೆ 34 ಡಿಗ್ರಿ ಇತ್ತು.