ಜೇಬಿನ ಮೂಲೆಯಲ್ಲಿ ಕಲಿತದ್ದು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ನಾನು ಸೂಪರ್‌ವೈಸರ್. ಕೆಲವು ವರ್ಷದ ಹಿಂದೆ ಒಂದು ಲಾಟ್ ವಾಪಸ್ ಬಂತು. ಎಲ್ಲ ಪೀಸ್‌ಗಳಲ್ಲೂ ಒಂದೇ ದೂರು: ಮುಂದಿನ ಜೇಬಿನ ಮೂಲೆ ಹರಿದಿದೆ.

ತಪ್ಪು ನನ್ನದು. ಆ ಡಿಸೈನ್‌ನಲ್ಲಿ ರಿವೆಟ್, ಅಂದರೆ ಬಟ್ಟೆಗೆ ಬಡಿಯುವ ಪುಟ್ಟ ಲೋಹದ ಮೊಳೆ, ಎದ್ದು ಕಾಣಲಿ ಅಂತ ಮೂಲೆಯಿಂದ ಅರ್ಧ ಇಂಚು ಆಚೆ ಕೂರಿಸಿದ್ದರು. ರಿವೆಟ್ ಹೇಗೂ ಇದೆಯಲ್ಲ ಅಂತ ಮೂಲೆಗೆ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾಗಿ ಹಾಕುವ ಬಿಗಿ ಹೊಲಿಗೆ, ಬೇಡ ಅಂತ ನಾನೇ ಹೇಳಿದೆ. ಒಂದು ಮಷಿನ್‌ನ ಕೆಲಸ ಉಳಿಯಿತು, ಲಾಟ್ ಬೇಗ ಮುಗಿಯಿತು.

ನಮ್ಮ ಹಿರಿಯ ಕಟಿಂಗ್ ಮಾಸ್ಟರ್ ಬೈಯಲಿಲ್ಲ. ಒಂದು ಪೀಸ್ ಎತ್ತಿಕೊಂಡು ಅದರ ಜೇಬಿಗೆ ನನ್ನ ಕೈ ಹಾಕಿಸಿದರು. "ಎಲ್ಲಿ ಎಳೆಯುತ್ತೆ, ನೋಡು" ಅಂದರು. ಎಳೆತ ಬಿದ್ದದ್ದು ಸರಿಯಾಗಿ ಮೂಲೆಗೆ. ರಿವೆಟ್ ಪಕ್ಕದಲ್ಲಿ ಸುಮ್ನೆ ಕೂತಿತ್ತು.

ಆಮೇಲೆ ಈ ರಿವೆಟ್ ಬಂದದ್ದಾದರೂ ಎಲ್ಲಿಂದ ಅಂತ ಹುಡುಕಿ ಓದಿದೆ. ಅಮೆರಿಕದ ನೆವಾಡಾದಲ್ಲಿ ರೀನೋ ಎಂಬ ಊರು. ಅಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಟೆಂಟು, ಕುದುರೆ ಹೊದಿಕೆ ಹೊಲಿಯುತ್ತಿದ್ದ. 1870ರ ಸುಮಾರಿಗೆ ಒಬ್ಬ ಹೆಂಗಸು ಬಂದು, ಕೂಲಿ ಮಾಡುವ ಗಂಡನಿಗೆ ಬೇಗ ಹರಿಯದ ಪ್ಯಾಂಟ್ ಬೇಕು ಅಂದಳು. ಕುದುರೆ ಹೊದಿಕೆಗೆ ಬಡಿಯುವ ತಾಮ್ರದ ರಿವೆಟ್‌ಗಳನ್ನೇ ಅವನು ಜೇಬಿನ ಮೂಲೆಗಳಿಗೆ ಬಡಿದುಕೊಟ್ಟ. ಕೂಲಿಗಳ ನಡುವೆ ಸುದ್ದಿ ಹಬ್ಬಿತು. ಪೇಟೆಂಟ್ ಮಾಡಿಸಲು ಡೇವಿಸ್ ಹತ್ತಿರ ಹಣವಿರಲಿಲ್ಲ. ತನಗೆ ಬಟ್ಟೆ ಕಳಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಪೇಟೆಂಟ್ ಬಂತು. ಅದು ಜೇಬಿನ ಬಾಯಿ ಹರಿಯದಂತೆ ಬಿಗಿ ಮಾಡುವ ವಿಧಾನಕ್ಕೆ ಸಿಕ್ಕ ಪೇಟೆಂಟ್!

ಬಲ ಜೇಬಿನೊಳಗಿನ ಪುಟ್ಟ ಜೇಬು ಗಡಿಯಾರ ಇಡಲು ಹುಟ್ಟಿದ್ದು. ಹಿಂದಿನ ಜೇಬಿನ ರಿವೆಟ್ ಕೂಡ ಮೊದಲಿಗೆ ಹೊರಗೆ ಕಾಣುವ ಹಾಗೇ ಇತ್ತು. ಕುದುರೆಯ ಜೀನನ್ನು, ಮನೆಯ ಕುರ್ಚಿಯನ್ನು ಅದು ಗೀಚುತ್ತದೆ ಅಂತ 1937ರಲ್ಲಿ ಅದನ್ನು ಬಟ್ಟೆಯಡಿ ಮುಚ್ಚಿದರು. ನನಗೆ ಈ ವಿವರ ತುಂಬ ಇಷ್ಟ. ಗಣಿಗೆ, ಹೊಲಕ್ಕೆ ಹೊಲಿದ ಪ್ಯಾಂಟ್ ಆಗಲೇ ಮನೆಯ ಕುರ್ಚಿಯಲ್ಲೂ ಕೂತಿತ್ತು, ಅಲ್ವಾ? 1950ರ ದಶಕದಲ್ಲಿ ಹಾಲಿವುಡ್ ನಟರನ್ನು ನೋಡಿ ಹುಡುಗರು ಜೀನ್ಸ್ ಹಾಕಿದರು, ಎಷ್ಟೋ ಶಾಲೆಗಳು ಬೇಡ ಅಂದವು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು.

ನನ್ನನ್ನು ಹೆಚ್ಚು ಕಾಡುವುದು ಬಣ್ಣ. ಜೀನ್ಸ್‌ನ ಬಟ್ಟೆ ಡೆನಿಮ್‌ನಲ್ಲಿ ಉದ್ದಕ್ಕೆ ಹಾಸುವ ನೂಲು ನೀಲಿ, ಅಡ್ಡಕ್ಕೆ ಹೊಗಿಸುವ ಹೊಕ್ಕು ನೂಲು ಬಿಳಿ. ನೀಲಿ ಬಣ್ಣ ನೂಲಿನ ಒಳಗಿನವರೆಗೂ ಇಳಿಯುವುದಿಲ್ಲ. ಹಾಗಾಗಿ ಉಜ್ಜಿದ ಕಡೆ ಬಿಳಿ ತೇಲುತ್ತದೆ. ದುಡಿಯುವವನ ಮೊಣಕಾಲು, ತೊಡೆ ತಾವಾಗಿಯೇ ಬೆಳ್ಳಗಾಗುತ್ತಿದ್ದವು. ನಾವು ಅದನ್ನೇ ಮರಳು ಕಾಗದದಿಂದ ಉಜ್ಜಿ, ಕಲ್ಲು ಹಾಕಿ ಒಗೆದು ತರುತ್ತೇವೆ. ಟರ್ಕಿಯಲ್ಲಿ ಈ ಬಿಳುಪಿಗಾಗಿ ಬಟ್ಟೆಗೆ ಮರಳು ಸಿಡಿಸುತ್ತಿದ್ದ ಕೆಲಸಗಾರರ ಶ್ವಾಸಕೋಶ ಹಾಳಾಯಿತು. 2009ರಲ್ಲಿ ಅಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿದರು. ನಮ್ಮ ಹುಡುಗರು ಮಾಸ್ಕ್ ತೆಗೆದರೆ ನಾನು ಲೈನ್ ನಿಲ್ಲಿಸುವುದು ಇದಕ್ಕೇ.

ನನ್ನ ಅಪ್ಪ ಹಮಾಲಿ ಮಾಡುತ್ತಿದ್ದರು. ಮೊಣಕಾಲು ಹರಿದರೆ ಅವ್ವ ತೇಪೆ ಹಾಕುತ್ತಿದ್ದಳು. ಮದುವೆ ಮನೆಯಲ್ಲಿ ಅಪ್ಪ ಆ ತೇಪೆಯ ಮೇಲೆ ಟವೆಲ್ ಹಾಸಿಕೊಂಡು ಕೂರುತ್ತಿದ್ದರು. ಇಂದು ಮೊಣಕಾಲು ಹರಿದ ಪೀಸ್‌ಗೆ ಕೆಲಸ ಜಾಸ್ತಿ, ಬೆಲೆಯೂ ಜಾಸ್ತಿ. ಹರಿದದ್ದು ಬೇಡವಾದ ದಿನ ತೊಡಲು ಇನ್ನೊಂದು ಪ್ಯಾಂಟ್ ಇರಬೇಕು. ಅಂತಸ್ತು ಅಂದರೆ ಆ ಇನ್ನೊಂದು ಪ್ಯಾಂಟ್ ಅಂತಲೇ ನನಗೆ ಅನಿಸುತ್ತದೆ. ಅಪ್ಪನ ಹತ್ತಿರ ಅದು ಇರಲಿಲ್ಲ.

ಹೊಸ ಸ್ಯಾಂಪಲ್ ಬಂದರೆ ಈಗ ಮೊದಲು ಜೇಬಿಗೆ ಕೈ ಹಾಕಿ ಎಳೆದು ನೋಡುತ್ತೇನೆ. ಅದೇ ಡಿಸೈನ್ ಮತ್ತೆ ಬಂದಾಗ ರಿವೆಟ್ ಡಿಸೈನ್‌ನಲ್ಲಿ ಹೇಳಿದ ಕಡೆಯೇ ಹಾಕಿದೆವು. ಮೂಲೆಗೆ ಬಟ್ಟೆಯದೇ ಬಣ್ಣದ ದಾರದಲ್ಲಿ ಬಾರ್‌ಟ್ಯಾಕ್ ಹೊಲಿಸಿದೆ. ಹತ್ತಿರದಿಂದ ನೋಡಿದರೂ ಅದು ಕಾಣುವುದಿಲ್ಲ.