ಮನೆಗೆ ಒಂದಿಂಚು ನೀರು ಸಾಲದೇ?

ನಾಲೆಯ ನೀರು ಹತ್ತದ ನಾಗಮಂಗಲದ ಕಡೆ ಜಮೀನಿನಲ್ಲಿ ಮನೆ ಕಟ್ಟುವವರನ್ನು ಊರಿನವರು ಮೊದಲು ಕೇಳುವುದು ಬೋರಿನಲ್ಲಿ ಎಷ್ಟು ಇಂಚು ನೀರು ಬಿತ್ತೆಂದು. ಒಂದೇ ಇಂಚು ಎಂದರೆ ಕೇಳಿದವರ ಮುಖವೂ ಸಪ್ಪಗಾಗಿ, ಇನ್ನೊಂದು ಪಾಯಿಂಟ್ ನೋಡಿಸುವ ಮಾತು ಅಲ್ಲಿಯೇ ಶುರುವಾಗುತ್ತದೆ. ತೆಂಗು, ಅಡಿಕೆಗೆ ಆ ಚಿಂತೆ ಸರಿಯೇ. ಬರೀ ಮನೆಬಳಕೆಗಾದರೆ ಎರಡನೆಯ ಬೋರಿನ ಹಣವನ್ನು ನೆಲದಡಿಯ ನೀರಿನ ಸಂಪು ಕಟ್ಟಲು ಹಾಕುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಈ ಇಂಚು ಪೈಪಿನ ಅಳತೆಯಲ್ಲ. ತಗಡಿನಲ್ಲಿ ಕತ್ತರಿಸಿದ ತೊಂಬತ್ತು ಡಿಗ್ರಿಯ ವಿ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರ. ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅದರ ಎರಡರಷ್ಟಲ್ಲ, ಐದು ಪಟ್ಟಿಗೂ ಹೆಚ್ಚು. ಒಂದಿಂಚು ಬಡವಾಗಿ ಕಾಣುವುದು ಇದರಿಂದಲೂ ಇರಬಹುದು. ಆದರೆ ಐದು ಜನರಿಗೆ ತಲಾ 100 ಲೀಟರ್, ಎರಡು ಸೀಮೆ ಹಸುಗಳಿಗೆ 150 ಲೀಟರ್ ಎಂದು ಧಾರಾಳವಾಗಿ ಹಿಡಿದರೂ ದಿನಕ್ಕೆ 650 ಲೀಟರ್ ಸಾಕು. ಜಲಜೀವನ್ ಮಿಷನ್ ತಲೆಗೆ ಲೆಕ್ಕ ಹಾಕಿರುವುದು 55 ಲೀಟರ್ ಮಾತ್ರ.

ನಮ್ಮ ನೆಲದಡಿ ಇರುವುದು ನೈಸ್ (gneiss) ಮತ್ತು ಗ್ರಾನೈಟ್ ಎಂಬ ಗಟ್ಟಿ ಕಲ್ಲು; ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಬಿರುಕಿನಿಂದ ನೀರು ಜಿನುಗಿ ಬರುವ ವೇಗಕ್ಕಿಂತ ಜೋರಾಗಿ ಎಳೆಯುವ ಮೋಟಾರನ್ನು ಇಳಿಸಿದರೆ ಸ್ವಲ್ಪ ಹೊತ್ತಿನಲ್ಲೇ ಗಾಳಿ ಬರುತ್ತದೆ, ಮೋಟಾರು ಸುಡುತ್ತದೆ, ಬೋರು ಬತ್ತಿತೆಂಬ ಸುದ್ದಿ ಊರೆಲ್ಲ ಹಬ್ಬುತ್ತದೆ. ಚಿಕ್ಕ ಮೋಟಾರಿಗೆ ಟೈಮರ್ ಮತ್ತು ನೀರಿಲ್ಲದಾಗ ಮೋಟಾರನ್ನು ತಾನೇ ನಿಲ್ಲಿಸುವ ಡ್ರೈ ರನ್ ರಕ್ಷಣೆ ಜೋಡಿಸಿ, ಅರ್ಧ ಗಂಟೆ ಓಡಿಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಓಡಿಸಿದರೆ ಅದೇ ಬೋರು ಸಂಪನ್ನು ನಿಧಾನವಾಗಿ ತುಂಬುತ್ತದೆ. ಸಂಪು 10,000 ಲೀಟರಿನದ್ದಾದರೆ ಮೋಟಾರು ಕೆಟ್ಟರೂ, ಟ್ರಾನ್ಸ್‌ಫಾರ್ಮರ್ ಸುಟ್ಟರೂ ಎರಡು ವಾರ ತಡೆಯುತ್ತದೆ. (ಸಂಪಿನ ಮುಚ್ಚಳ ಸೊಳ್ಳೆ ನುಸುಳದಂತೆ ಬಿಗಿಯಾಗಿರಲಿ, ಮೇಸ್ತ್ರಿಗಳು ಅದನ್ನು ಕೊನೆಗೆ ನೆನಪಿಸಿಕೊಳ್ಳುತ್ತಾರೆ.)

ಮಳೆನೀರನ್ನೂ ಬಿಡಬಾರದು. ಮಂಡ್ಯದ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. 100 ಚದರ ಮೀಟರ್ ಆರ್‌ಸಿಸಿ ಮಾಳಿಗೆಯಿಂದ, ಐದರಲ್ಲೊಂದು ಪಾಲು ಪೋಲಾದರೂ, 56,000 ಲೀಟರ್ ಇಳಿಯುತ್ತದೆ. ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು ಉಳಿದದ್ದನ್ನು ಸೋಸಿ ಸಂಪಿಗೆ ಹಾಯಿಸಬೇಕು, ತುಂಬಿ ಹೆಚ್ಚಾದದ್ದನ್ನು ಬೋರಿನ ಪಕ್ಕದ ಇಂಗುಗುಂಡಿಗೆ ಬಿಡಬೇಕು.

ಕುಡಿಯುವ ನೀರಿನ ವಿಚಾರವೇ ಬೇರೆ. ತಿಳಿಯಾಗಿದ್ದು ಸಿಹಿಯಾಗಿದ್ದರೂ ಬೋರಿನ ನೀರಿನಲ್ಲಿ ಫ್ಲೋರೈಡ್ ಇರಬಹುದು; ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮಳೆಗಾಲ ಕಳೆದ ಮೇಲೊಮ್ಮೆ, ನೀರಿನ ಮಟ್ಟ ತಳ ಕಂಡ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಎರಡೂ ವರದಿಗಳನ್ನು ನೋಡಿದ ನಂತರವೇ ಫಿಲ್ಟರ್ ಕೊಳ್ಳುವುದು ಕ್ರಮ.