ಆಗಸ್ಟ್ 15, ಗೌರಿಬಿದನೂರಿಂದ ವಿದುರಾಶ್ವತ್ಥಕ್ಕೆ

ಪ್ರತಿ ವರ್ಷ ಆಗಸ್ಟ್ 15ಕ್ಕೆ ನಮ್ಮ ಗುಂಪಿನದು ಒಂದೇ ಪಾಠ. ಬೆಂಗಳೂರಲ್ಲಿ ಎಲ್ಲೋ ಒಂದು ಕಡೆ ದುಡ್ಡು ಕಟ್ಟಿ 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಡುವುದು, ಮೂರು ಬಣ್ಣದ ಟೀಶರ್ಟ್ ಹಾಕಿಕೊಳ್ಳುವುದು, ಮೆಡಲ್ ಕಚ್ಚಿಕೊಂಡು ಫೋಟೊ ತೆಗೆಸಿಕೊಳ್ಳುವುದು, ಒಂಬತ್ತು ಗಂಟೆಗೆಲ್ಲ ದೋಸೆ ಮುಂದೆ ಕೂತಿರುವುದು. ನನಗೇನೂ ಅದರಲ್ಲಿ ಬೇಜಾರಿಲ್ಲ, ದೋಸೆ ಚೆನ್ನಾಗೇ ಇರುತ್ತದೆ. ಆದರೆ ಈ ಸಲ ನಮ್ಮ ಕ್ಯಾಪ್ಟನ್ (ಮಿಲಿಟರಿಯವರಲ್ಲ, ವಾಟ್ಸಾಪ್ ಗುಂಪಿನ ಅಡ್ಮಿನ್ ಅಷ್ಟೇ) ಜುಲೈನಲ್ಲೇ ಒಂದು ಮೆಸೇಜ್ ಹಾಕಿದರು. "ಗೌರಿಬಿದನೂರಿಂದ ವಿದುರಾಶ್ವತ್ಥಕ್ಕೆ ಓಡೋಣ, ಸ್ವಾತಂತ್ರ್ಯ ಹೋರಾಟದ ಹುತಾತ್ಮರ ಸ್ಮಾರಕ ಇರೋ ಜಾಗ. ಎದೆಗೆ ನಂಬರ್ ಚೀಟಿ ಇಲ್ಲ, ಮೆಡಲ್ ಇಲ್ಲ. ಬರೋರು ಕೈ ಎತ್ತಿ."

ಮೂವತ್ತು ಜನರ ಗುಂಪಲ್ಲಿ ಎದ್ದದ್ದು ಐದು ಕೈ. ಕ್ಯಾಪ್ಟನ್, ನಾನು, ಸಾಫ್ಟ್‌ವೇರ್ ಕೆಲಸದ ಇಬ್ಬರು ಹುಡುಗರು, ಮತ್ತೆ ನಮ್ಮ ಬ್ಯಾಂಕ್ ಸರ್. ಬ್ಯಾಂಕ್ ಸರ್‌ಗೆ 64 ವರ್ಷ. ಎದೆಯಲ್ಲಿ ಎರಡು ಸ್ಟೆಂಟ್. ನಮ್ಮೆಲ್ಲರಿಗಿಂತ ಮೊದಲು ಕೈ ಎತ್ತಿದವರು ಅವರೇ.

ಹಿಂದಿನ ದಿನ ಸಂಜೆ ಹೊರಟೆವು. ಬೆಂಗಳೂರಿಂದ ಗೌರಿಬಿದನೂರಿಗೆ 75-80 ಕಿಲೋಮೀಟರ್, ಯಲಹಂಕ ದಾಟಿ ದೊಡ್ಡಬಳ್ಳಾಪುರದ ಮೇಲೆ ಹೋಗಬೇಕು. ರಜೆ ಹಿಂದಿನ ಸಂಜೆ ಬೆಂಗಳೂರು ಬಿಡುವುದು ಅಂದರೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಯಲಹಂಕ ತಲುಪುವ ಹೊತ್ತಿಗೇ ಹಿಂದಿನ ಸೀಟಿನ ಹುಡುಗರು ತಂದಿದ್ದ ಬಾಳೆಹಣ್ಣೆಲ್ಲ ಖಾಲಿ. ಪ್ರತಿ ಸಿಗ್ನಲ್‌ನಲ್ಲೂ ಬಾವುಟ ಮಾರುವ ಮಕ್ಕಳು. ಬ್ಯಾಂಕ್ ಸರ್ ಎಲ್ಲ ಸಿಗ್ನಲ್‌ನಲ್ಲೂ ಒಂದೊಂದು ಕೊಂಡರು. ಊರು ದಾಟುವಷ್ಟರಲ್ಲಿ ಕಾರಿನ ಡ್ಯಾಶ್‌ಬೋರ್ಡ್ ನೋಡಿದರೆ ಯಾರೋ ಮಂತ್ರಿಯ ಕಾರು ಅನ್ನಬೇಕು, ಹಾಗಿತ್ತು.

ರಾತ್ರಿ ಒಂದು ಸಣ್ಣ ಲಾಡ್ಜ್‌ನಲ್ಲಿ ಉಳಿದೆವು. ಬೆಳಿಗ್ಗೆ 4:45ಕ್ಕೆ ಶೂ ಕಟ್ಟಿಕೊಂಡು ಕೆಳಗಿಳಿದರೆ ಗೇಟಿಗೆ ಬೀಗ. ಕಾವಲಿನವರು ಎರಡು ಕುರ್ಚಿ ಜೋಡಿಸಿ ಮಫ್ಲರ್ ಸುತ್ತಿಕೊಂಡು ಗಾಢ ನಿದ್ರೆಯಲ್ಲಿದ್ದರು. ಕರೆದರೆ ಏಳಲಿಲ್ಲ. ಕೈ ತಟ್ಟಿದರೂ ಏಳಲಿಲ್ಲ. ಕೊನೆಗೆ ಹುಡುಗರಲ್ಲೊಬ್ಬ ಗೇಟ್ ಹತ್ತಲು ಹೋದ, ಆಗ ಕಳ್ಳ ಬಂದ ಅಂತ ಎದ್ದರು ನೋಡಿ. ಬೈದುಕೊಂಡೇ ಬೀಗ ತೆಗೆದರು. ಸ್ವಾತಂತ್ರ್ಯ ದಿನದಂದು ಬಂಧನದಲ್ಲಿ ಕಳೆದದ್ದು ಒಟ್ಟು 20 ನಿಮಿಷ. ಈ ಜೋಕನ್ನು ಹುಡುಗರು ಸಂಜೆವರೆಗೂ ಬಿಡಲಿಲ್ಲ.

ವಿದುರಾಶ್ವತ್ಥ ಅಲ್ಲಿಂದ ಆರೇಳು ಕಿಲೋಮೀಟರ್, ಹಿಂದೂಪುರದ ದಿಕ್ಕಿಗೆ. ಹೋಗಿ ಬಂದರೆ 14ರ ಆಸುಪಾಸು. ಓಡುವವರಿಗೆ ಅದೇನು ದೊಡ್ಡದಲ್ಲ, ಭಾನುವಾರದ ಲಾಂಗ್ ರನ್‌ಗಿಂತ ಕಮ್ಮಿಯೇ. ಆದರೂ ಬೇರೆ ಊರಿನ ರಸ್ತೆಯಲ್ಲಿ, ಕತ್ತಲಲ್ಲಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ಓಡುವಾಗ ಕಿವಿ ತಾನೇ ಚುರುಕಾಗುತ್ತದೆ. ತುಂತುರು ಮಳೆ ಬಂದು ನಿಂತಿತ್ತು. ಒದ್ದೆ ಮಣ್ಣಿನ ವಾಸನೆ, ರಸ್ತೆ ಪಕ್ಕ ಜೋಳದ ಹೊಲ, ಐದು ಜೊತೆ ಶೂಗಳ ಚಪ್ ಚಪ್ ಸದ್ದು. ಮೊದಲ ಎರಡು ಕಿಲೋಮೀಟರ್ ಯಾರೂ ಮಾತಾಡಲಿಲ್ಲ.

ನನ್ನ ಸೊಂಟದ ಬೆಲ್ಟಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಫೋನ್, ಓಡುವಾಗ ಶಕ್ತಿಗೆ ನುಂಗುವ ಒಂದು ಜೆಲ್ ಪೊಟ್ಟಣ, ಮತ್ತೆ ಪೆಪ್ಪರ್ ಸ್ಪ್ರೇ ಇರುತ್ತದೆ. ಎಂಟು ವರ್ಷದಿಂದ ಓಡುತ್ತಿದ್ದೇನೆ, ಎಂಟು ವರ್ಷದಿಂದ ಸ್ಪ್ರೇ ಇದೆ. ಶುರುವಿನಲ್ಲಿ ಒಬ್ಬಳೇ ಓಡಲು ಹೆದರಿಕೆ ಅಂತ ನಮ್ಮ ಯಜಮಾನರು ಸ್ಕೂಟರ್‌ನಲ್ಲಿ ಹಿಂದೆ ಹಿಂದೆ ಬರುತ್ತಿದ್ದರು, ಪಾಪ, ನಿದ್ದೆಗಣ್ಣಲ್ಲಿ. ಆಮೇಲೆ ಒಂದು ದಿನ ಅವರಿಗೆ ಜ್ವರ, ನಾನು ಒಬ್ಬಳೇ ಹೋದೆ. ಒಂದೇ ಕಿವಿಗೆ ಇಯರ್‌ಫೋನ್, ಹಿಂದೆ ಬೈಕ್ ನಿಧಾನ ಮಾಡಿದರೆ ಸಾಕು ಎದೆ ಧಸಕ್. ಆದರೂ ವಾಪಸ್ ಬಂದಾಗ ಏನೋ ಗೆದ್ದು ಬಂದ ಹಾಗಿತ್ತು. ಹುಡುಗರಿಗೆ ಇದನ್ನು ಹೇಳಿದರೆ, "ಹೌದಾ ಅಕ್ಕ? ನಾವು ಯಾವತ್ತೂ ಹಾಗೆ ಯೋಚನೇನೇ ಮಾಡಿಲ್ಲ" ಅಂದರು. ಮಾಡಬೇಕಾಗೇ ಇಲ್ಲದ್ದು, ಅದೇ ಅಲ್ವಾ ವಿಷಯ?

ಮೂರನೇ ಕಿಲೋಮೀಟರ್ ಹೊತ್ತಿಗೆ ಬೆಳಕು ಹರಿಯಿತು. ಮೊಪೆಡ್‌ನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬಂದ ಅಜ್ಜ ನಮ್ಮ ಪಕ್ಕ ನಿಧಾನ ಮಾಡಿ, "ಎಕ್ಕಡಿಕಮ್ಮಾ?" (ಎಲ್ಲಿಗಮ್ಮಾ?) ಅಂದರು. ಆಂಧ್ರದ ಗಡಿ ಹತ್ತಿರ, ಇಲ್ಲಿ ಬಾಯಿಗೆ ತೆಲುಗು ಮೊದಲು ಬರುತ್ತದೆ. ನಾನು ಕನ್ನಡದಲ್ಲಿ ಹೇಳಿದೆ, ಅವರೂ ಕನ್ನಡಕ್ಕೆ ಬಂದರು. "ಬಸ್ಸು ಐತಲ್ಲಮ್ಮ, ಯಾಕೆ ಓಡ್ತೀರಿ? ಯಾರಾನಾ ಅಟ್ಟಿಸ್ಕೊಂಡು ಬರ್ತಾವ್ರಾ?" ಸುಮ್ನೆ ಓಡುತ್ತಿದ್ದೇವೆ ಅಂದರೆ ಅವರಿಗೆ ಸಮಾಧಾನವಾಗಲಿಲ್ಲ. ಹಿಂದೆ ತಿರುಗಿ ಒಂದು ಸಲ ನೋಡಿಕೊಂಡೇ ಹೋದರು.

ಆಗ ಬ್ಯಾಂಕ್ ಸರ್ ಬಾಯಿ ಬಿಟ್ಟರು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ, ನ್ಯಾಷನಲ್ ಕಾಲೇಜಿನ ಎಚ್ಚೆನ್, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು. 1935ರಲ್ಲಿ ಹೈಸ್ಕೂಲು ಸೇರಬೇಕು, ಬಸ್ಸಿಗೆ ಕಾಸಿಲ್ಲ, ಹೊಸೂರಿಂದ ಬೆಂಗಳೂರಿಗೆ ನಡೆದೇ ಹೋದರು. ಎರಡು ದಿನದ ನಡಿಗೆ. ಆಮೇಲೆ 1942ರ ಚಳವಳಿಯಲ್ಲಿ ಜೈಲಿಗೂ ಹೋದರು. "ನಾವು ನಿನ್ನೆ ಎಸಿ ಕಾರಲ್ಲಿ ಕೂತು ಟ್ರಾಫಿಕ್ ಅಂತ ಗೊಣಗಿದ ದೂರ ಅದು" ಅಂದರು ಬ್ಯಾಂಕ್ ಸರ್, ಉಸಿರು ಎಳೆದುಕೊಳ್ಳುತ್ತಾ. ಹುಡುಗರಲ್ಲೊಬ್ಬ ತನ್ನ ಶೂ ನೋಡಿಕೊಂಡ. ಹದಿನಾಲ್ಕು ಸಾವಿರದ್ದು, ಅಡಿಯಲ್ಲಿ ಕಾರ್ಬನ್ ಪ್ಲೇಟ್. ಪಾಪ, ಅವನದೇನು ತಪ್ಪು.

ಸ್ವಲ್ಪ ಏರು ಬಂತು. ಏರಲ್ಲಿ ಹೆಜ್ಜೆ ತಾಳ ತಪ್ಪಬಾರದು ಅಂತ ಕ್ಯಾಪ್ಟನ್ ಏನಾದರೂ ಕೂಗಿಸುತ್ತಾರೆ. ಆವತ್ತು ಕೂಗಿಸಿದ್ದು "ಆರ್ಕಾಟ್, ಬಾಯ್ಕಾಟ್!" ಎಡಗಾಲಿಗೆ ಆರ್ಕಾಟ್, ಬಲಗಾಲಿಗೆ ಬಾಯ್ಕಾಟ್. ಹುಡುಗರು ಅರ್ಥ ಗೊತ್ತಿಲ್ಲದೇ ಕೂಗಿದರು, ಆಮೇಲೆ ಕೇಳಿದರು. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಹಾರಿದರೂ ಮೈಸೂರು ಸಂಸ್ಥಾನದಲ್ಲಿ ಜನರ ಸರಕಾರ ಬಂದಿರಲಿಲ್ಲ. ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಇನ್ನೂ ದಿವಾನರು. ಜನ ಮತ್ತೆ ಬೀದಿಗಿಳಿದು "ಮೈಸೂರು ಚಲೋ" ನಡೆಸಬೇಕಾಯಿತು. ಕೆ.ಸಿ. ರೆಡ್ಡಿಯವರ ಸರಕಾರ ಬಂದದ್ದು ಅಕ್ಟೋಬರ್‌ನಲ್ಲಿ. "ಅಂದ್ರೆ ನಮ್ಮ ಕಡೆಯವರಿಗೆ ಸ್ವಾತಂತ್ರ್ಯ ಎರಡು ತಿಂಗಳು ಲೇಟಾ?" ಅಂದ ಒಬ್ಬ. ಬೆಂಗಳೂರಲ್ಲಿ ಯಾವುದು ಟೈಮಿಗೆ ಬಂದಿದೆ ಅಂದ ಇನ್ನೊಬ್ಬ. ನಗುತ್ತಾ ಏರು ಹತ್ತಿದ್ದೇ ಗೊತ್ತಾಗಲಿಲ್ಲ.

ವಿದುರಾಶ್ವತ್ಥ ತಲುಪಿದಾಗ ಏಳು ಗಂಟೆ ಆಗಿರಲಿಲ್ಲ. ಪಕ್ಕದಲ್ಲಿ ಉತ್ತರ ಪಿನಾಕಿನಿ, ನಾವು ನೋಡಿದಾಗ ಮರಳು ಜಾಸ್ತಿ, ನೀರು ಕಮ್ಮಿ. ವಿದುರ ನೆಟ್ಟದ್ದು ಅಂತ ನಂಬಿದ್ದ ಹಳೇ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು. ನಾಗರಕಲ್ಲುಗಳು ಮಾತ್ರ ಸಾವಿರ ಸಾವಿರ. ಸಾಲು ಸಾಲಾಗಿ, ಒಂದಕ್ಕೊಂದು ಒರಗಿಕೊಂಡು, ಹಳೆಯವು ಮಳೆಗೆ ಕಪ್ಪಾಗಿ, ಹೊಸವು ಅರಿಶಿನ ಕುಂಕುಮದಲ್ಲಿ ಮಿಂಚುತ್ತಾ. ಹೆಚ್ಚಿನವು ಮಕ್ಕಳಾಗಲಿ ಅಂತ ಹರಸಿಕೊಂಡವರು ಇಟ್ಟದ್ದು. ಒಂದು ಕಲ್ಲಿನ ಬುಡದಲ್ಲಿ ಆಗಷ್ಟೇ ಹುಯ್ದ ಹಾಲು, ಅದಕ್ಕೆ ಇರುವೆ ಸಾಲು. ಬೆವರಿನ ಬಟ್ಟೆಯಲ್ಲಿ ದೇವಸ್ಥಾನದ ಒಳಗೆ ಹೋಗಲು ನನಗೆ ಮನಸ್ಸಾಗಲಿಲ್ಲ, ಹೊರಗಿಂದಲೇ ಕೈ ಮುಗಿದೆ.

ಸ್ಮಾರಕ ಅಲ್ಲೇ ಹತ್ತಿರ. ಚಿತ್ರಗಳ ಗ್ಯಾಲರಿಗೆ ಇನ್ನೂ ಬೀಗ ಹಾಕಿತ್ತು, ಅಷ್ಟು ಬೆಳಿಗ್ಗೆ ಹೋದದ್ದು ನಮ್ಮ ತಪ್ಪು. ಹುತಾತ್ಮರ ಹೆಸರಿನ ಕಲ್ಲಿನ ಮುಂದೆ ನಿಂತೆವು.

ಇಲ್ಲಿ ನಡೆದದ್ದು 1938ರ ಏಪ್ರಿಲ್ 25. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು, ಟಿ. ಸಿದ್ದಲಿಂಗಯ್ಯನವರು ಬಾವುಟ ಹಾರಿಸಿ ಬಂಧನಕ್ಕೆ ಒಳಗಾಗಿದ್ದರು. ಆ ಕಾವು ಇಲ್ಲಿಗೂ ಬಂತು. ಕಾಂಗ್ರೆಸ್ ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅಂತ ಸರಕಾರದ ಆಜ್ಞೆ. ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಸರಕಾರ ಹೇಳಿದ ಸಾವಿನ ಲೆಕ್ಕ ಹತ್ತರ ಹತ್ತಿರ, ಊರಿನವರ ಲೆಕ್ಕ ಮೂವತ್ತು ದಾಟುತ್ತದೆ. ಆಮೇಲೆ ಸರ್ದಾರ್ ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದ ಮೇಲೆ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು. ಇದನ್ನೆಲ್ಲ ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಒಂದು ಸಾಲಲ್ಲಿ ಹೇಳಿ ಮುಗಿಸುತ್ತಾರೆ. ಶಾಲೆಯಲ್ಲಿ ನಮಗೆ ಜಲಿಯನ್‌ವಾಲಾ ಬಾಗ್‌ಗೆ ಐದು ಮಾರ್ಕಿನ ಪ್ರಶ್ನೆ ಇತ್ತು. ಇದಕ್ಕೆ ಒಂದು ಮಾರ್ಕಿನದೂ ನೆನಪಿಲ್ಲ ನನಗೆ.

ನಮ್ಮ ಗುಂಪಲ್ಲಿ ಒಂದು ಪದ್ಧತಿ ಇದೆ. ಓಟ ಮುಗಿದ ಮೇಲೆ ವೃತ್ತದಲ್ಲಿ ನಿಂತು ಸ್ಟ್ರೆಚ್ ಮಾಡುತ್ತಾ ಒಬ್ಬೊಬ್ಬರೂ ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕು. ಸಾಮಾನ್ಯವಾಗಿ ತಮಾಷೆಯದೇ ಜಾಸ್ತಿ, ಅಲಾರಂಗೆ, ಫಿಸಿಯೋಗೆ, ಮಕ್ಕಳನ್ನು ನೋಡಿಕೊಂಡ ಅತ್ತೆಗೆ. ಆವತ್ತು ಕ್ಯಾಪ್ಟನ್ ಶುರು ಮಾಡಿ ಅಂದಾಗ ಯಾರಿಗೂ ಬಾಯಿ ಬರಲಿಲ್ಲ. ಆ ಕಲ್ಲಿನ ಮುಂದೆ ಕಾಲು ಎಳೆದುಕೊಂಡು ಸ್ಟ್ರೆಚ್ ಮಾಡುವುದೇ ಒಂಥರಾ ಅನ್ನಿಸಿತು. ಐದು ಜನ ಬೆಳಿಗ್ಗೆ ಒಟ್ಟಾಗಿ ರಸ್ತೆಯಲ್ಲಿ ಕೂಗಿಕೊಂಡು ಬಂದಿದ್ದೆವು, ಕಾರಣ ಕೇಳಿದ್ದು ಹಾಲಿನ ಅಜ್ಜ ಒಬ್ಬರೇ. ಬ್ಯಾಂಕ್ ಸರ್ ಕಾರಿನಿಂದ ತಂದಿದ್ದ ಬಾವುಟಗಳಲ್ಲಿ ಒಂದನ್ನು ಜೇಬಿಂದ ತೆಗೆದರು. ಪ್ಲಾಸ್ಟಿಕ್‌ನದು ಅಂತ ಆಗ ನೋಡಿಕೊಂಡರು, ಇಲ್ಲಿ ಇದನ್ನು ಇಡಬಾರದು ಅಂತ ಮತ್ತೆ ಜೇಬಿಗೇ ಹಾಕಿಕೊಂಡರು. ಆಮೇಲೆ ಹೆಸರುಗಳನ್ನು ಒಂದೊಂದಾಗಿ ಓದಿದರು, ಬ್ಯಾಂಕಿನಲ್ಲಿ ಟೋಕನ್ ಕರೆಯುವ ಹಾಗೆ, ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ. ಅವರಿಗೆ ಇನ್ನೂ ಏದುಸಿರು ಪೂರ್ತಿ ಇಳಿದಿರಲಿಲ್ಲ.

ವಾಪಸ್ ಬರುವಾಗ ರಸ್ತೆ ತುಂಬ ಮಕ್ಕಳು. ಬಿಳಿ ಯೂನಿಫಾರ್ಮ್, ತಲೆಗೆ ಎಣ್ಣೆ, ಎರಡು ಜಡೆಗೆ ಟೇಪು. ನಮ್ಮನ್ನು ನೋಡಿ ನಾಲ್ಕೈದು ಹುಡುಗರು ಜೊತೆಗೆ ಓಡಿದರು, ಒಬ್ಬ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಕಾರ್ಬನ್ ಪ್ಲೇಟಿನವನನ್ನು ಇನ್ನೂರು ಮೀಟರ್‌ನಲ್ಲಿ ಸಲೀಸಾಗಿ ಹಿಂದೆ ಹಾಕಿದ. ಶಾಲೆ ಗೇಟಿನ ಹತ್ತಿರ ಟೀಚರ್ ಒಬ್ಬರು ನಮ್ಮನ್ನು ತಡೆದು, "ಬನ್ನಿ ಮೇಡಂ, ಧ್ವಜವಂದನೆ ಮುಗಿಸ್ಕೊಂಡು ಹೋಗಿ" ಅಂದರು. ಬೆವರು ಸರ್, ವಾಸನೆ ಸರ್ ಅಂತ ಕ್ಯಾಪ್ಟನ್ ಏನೇನೋ ಅಂದರೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ, ಏಳನೇ ಕ್ಲಾಸಿನವರ ಹಿಂದೆ ನಿಂತೆವು.

ಹಗ್ಗ ಎಳೆದರೆ ಬಾವುಟ ಬಿಚ್ಚಲಿಲ್ಲ. ಮತ್ತೆ ಎಳೆದರು. ಹೂವಿನ ಪೊಟ್ಟಣ ಮೇಲೆ ಉಂಡೆಯ ಹಾಗೆ ಕೂತಿತ್ತು. ಹಿಂದಿನ ಸಂಜೆ ಯಾರೋ ಜಾಸ್ತಿ ಭಕ್ತಿಯಿಂದ ಗಂಟು ಹಾಕಿದ್ದಾರೆ. ಗಣ್ಯರು ಗಂಟಲು ಸರಿಮಾಡಿಕೊಂಡರು, ಟೀಚರ್ ಮುಖ ಕೆಂಪಾಯಿತು, ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಗು ನುಂಗಿದರು. ಹಗ್ಗ ಕೆಳಗಿಳಿಸಿ ಗಂಟು ಸಡಿಲ ಮಾಡಿ ಮತ್ತೆ ಏರಿಸಿದ್ದಾಯಿತು. ಮೂರನೇ ಸಲ ಎಳೆದಾಗ ಬಿಚ್ಚಿಕೊಂಡಿತು, ಸೇವಂತಿಗೆ ದಳ ಎಲ್ಲರ ತಲೆ ಮೇಲೆ, ನನ್ನ ಬೆನ್ನಿನ ಬೆವರಿಗೂ ಅಂಟಿಕೊಂಡವು. ಜನಗಣಮನಕ್ಕೆ ನಮ್ಮ ಬ್ಯಾಂಕ್ ಸರ್ ಶ್ರುತಿ ಎಲ್ಲೋ ಇತ್ತು, ಮಕ್ಕಳದು ಎಲ್ಲೋ ಇತ್ತು.

ಆಮೇಲೆ ಬೂಂದಿ ಹಂಚಿದರು, ಪೇಪರ್ ಪೊಟ್ಟಣದಲ್ಲಿ. ಚಪ್ಪಲಿ ಹಿಡಿದು ಓಡಿದ ಹುಡುಗ ನನ್ನ ಹತ್ತಿರ ಬಂದ.

"ಆಂಟಿ, ಓಡಿದ್ರೆ ಏನು ಕೊಡ್ತಾರೆ?"

"ಏನೂ ಕೊಡಲ್ಲಪ್ಪ. ಇವತ್ತು ಮೆಡಲೂ ಇಲ್ಲ."

"ಬೂಂದಿ ಕೊಟ್ರಲ್ಲ" ಅಂದ.

ಹೌದು ಕೊಟ್ಟರು. ನಾನು ಅರ್ಧ ತಿಂದು ಉಳಿದದ್ದನ್ನು ಬೆಲ್ಟಿಗೆ ತುರುಕಿಕೊಂಡೆ. ಉಳಿದ ದೂರ ಓಡಿದ್ದು ಕಮ್ಮಿ, ನಡೆದದ್ದೇ ಜಾಸ್ತಿ. ಶಾಲೆ ಹತ್ತಿರ ನಿಲ್ಲಿಸಿದ ವಾಚನ್ನು ಮತ್ತೆ ಒತ್ತಲು ಮರೆತಿದ್ದರಿಂದ ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್‌ನಲ್ಲಿ ನನ್ನ ಲೆಕ್ಕ ಒಂಬತ್ತೇ ಕಿಲೋಮೀಟರ್. ಉಳಿದದ್ದು ಲೆಕ್ಕಕ್ಕಿಲ್ಲ ಅಂತ ಕ್ಯಾಪ್ಟನ್ ಖಡಾಖಂಡಿತ. ಲಾಡ್ಜಿನ ಕಾವಲಿನವರಿಗೆ ಬ್ಯಾಂಕ್ ಸರ್ ತಮ್ಮ ಪಾಲಿನ ಬೂಂದಿ ಕೊಟ್ಟರು, ಅವರು ಬೆಳಿಗ್ಗೆ ಬೈದದ್ದಕ್ಕೆ ನಾಚಿಕೊಂಡು ಕಾಫಿ ತರಿಸಿದರು.

ಎರಡು ದಿನ ಬಿಟ್ಟು ಬೆಲ್ಟ್ ತೊಳೆಯಲು ತೆಗೆದೆ. ಪೆಪ್ಪರ್ ಸ್ಪ್ರೇ ಡಬ್ಬಿಗೆ ಬೂಂದಿ ಪಾಕ ಅಂಟಿತ್ತು, ಪಾಕಕ್ಕೆ ಎರಡು ಸೇವಂತಿಗೆ ದಳ. ಬಿಸಿನೀರಲ್ಲಿ ಉಜ್ಜಿ ಒರೆಸಿದೆ. ಒಣಗಿದ ಮೇಲೆ ಅದನ್ನು ಮತ್ತೆ ಅದೇ ಜಾಗಕ್ಕೆ ಇಟ್ಟೆ. ನಾಳೆ ಐದಕ್ಕೆ ಓಟ ಇದೆ.